ಮೈಲುತುತ್ತ

ಮೈದಾಹಿಟ್ಟು ಎರಡು ಸೇರು, ನೀರು ಕಣ್ಣಳತೆ,
ಇಳಿಸುವಾಗ ಒಂದು ಚಿಟಿಕೆ ಮೈಲುತುತ್ತ.
ಜಿರಲೆಗೆ ಇತಿಹಾಸ ರುಚಿಸಬಾರದು.
ಪುಣೆಯ ಕ್ಯಾಂಪಿನಲ್ಲಿ, ಕಲ್ಲುಕಟ್ಟಡದ ಹಿಂದಿನ ಕೋಣೆಯಲ್ಲಿ
ನಾನು ದಫ್ತರಿ,
ಯುದ್ಧಗಳ ಬೆನ್ನು ಹೊಲಿಯುವವನು.

ಈ ಸಲ ಬಂದ ಕಟ್ಟು ತೀರ ಹಳೆಯದು.
ಮೊದಲ ಪುಟದಲ್ಲಿ ‘ಮುಂಬಯಿ’ಗೆ ಅಡ್ಡಗೀಟು ಎಳೆದು
ಯಾರೋ ಮೇಲೆ ‘ದಕ್ಷಿಣ’ ಎಂದು ತಿದ್ದಿದ್ದಾರೆ.
ಒಂದು ಗೀಟು. ಒಂದು ಸೈನ್ಯ ಇನ್ನೊಂದಾಯಿತು.

ಹೇಸರಗತ್ತೆಗಳ ಪಟ್ಟಿ ಹನ್ನೊಂದು ಪುಟ:
ನಂಬರು, ಮೈಬಣ್ಣ, ಗೊರಸಿನ ಅಳತೆ,
ಸ್ವಭಾವ: ಕಚ್ಚುತ್ತದೆ.
ನೀರು ಹೊತ್ತವರದು ಅರ್ಧ ಪುಟ.
ಅವರಿಗೆ ಸ್ವಭಾವದ ಕಾಲಮ್ಮು ಇಲ್ಲ.
ಕಲ್ಮೇಶಿ ಎಂಬೊಬ್ಬ ಮಾತ್ರ ಎರಡು ಸಲ ಬರುತ್ತಾನೆ:
ಬಸ್ರಾಕ್ಕೆ ಹಡಗು ಹತ್ತಿದಾಗ ಒಮ್ಮೆ,
ಆಮೇಲೆ ಬಾಕಿಯ ಪಟ್ಟಿಯಲ್ಲಿ,
‘ಕಂಬಳಿ ಒಂದು, ಹಿಂತಿರುಗಿಸಿಲ್ಲ.’

ನಲವತ್ತೆಂಟು ದಪ್ಪಗಿಲ್ಲ.
ಐದು ದಿನ, ದಿನಕ್ಕೆ ನಾಲ್ಕೈದು ಹಾಳೆ.
ಸೊಲ್ಲಾಪುರದಿಂದ ಮೂಡಲಿಗೆ ಹೊರಟ ಬಾಣದ ಗುರುತು
ನನ್ನ ಅಜ್ಜಿಯ ಹೊಲದ ಬದುವಿನ ಮೇಲೇ ಹಾದಿದೆ.
ಅವಳು ಹೇಳುತ್ತಿದ್ದಳು:
‘ಸಜ್ಜಿ ತೆನಿ ಹಿಡದಿತ್ತೋ ತಮ್ಮಾ, ಟ್ಯಾಂಕ್ ಬಂತು.
ಅಡವ್ಯಾಗ ಅಡಗಿದ ನಾವೆಲ್ಲಾ ಮನಿಗಿ ಬಂದ್ವಿ, ಸಕ್ರಿ ಹಂಚಿದ್ವಿ.
ಎದುರಮನಿ ಖಾಸೀಂಬಿ ಮಾತ್ರ
ಬಾಗಲಾ ತೆಗೀಲೇ ಇಲ್ಲ.’
ಮುಂದೆ ಕೇಳಿದರೆ
ಒಲೆಯ ಬೂದಿ ಕೆದಕುತ್ತಿದ್ದಳು.

ಆ ಬಾಗಿಲನ್ನು ಹುಡುಕಿದೆ,
ದಾರ ಪೋಣಿಸುವ ನೆಪದಲ್ಲಿ, ಎರಡು ಸಲ.
ಡೀಸೆಲ್ಲಿನ ಲೆಕ್ಕ ಇದೆ. ಸೇತುವೆಗಳ ಭಾರ ಇದೆ.

ಗೋವಾದ ಹಾಳೆಗಳು ಉಪ್ಪುಗಾಳಿಗೆ ಅಂಟಿಕೊಂಡಿದ್ದವು.
ಬಿದಿರಕಡ್ಡಿಯಿಂದ ಬಿಡಿಸಿದರೆ
ನಡುವೆ ಒಂದು ಗೇರೆಲೆ,
ನರಗಳಷ್ಟೇ ಉಳಿದದ್ದು.
ಯಾವ ಗುಮಾಸ್ತನೋ, ಯಾರಿಗೆ ಕೊಡಲೆಂದೋ.
ಅದನ್ನೂ ಸೇರಿಸಿ ಹೊಲಿದುಬಿಟ್ಟೆ.

‘ದಫ್ತರೀ, ಝಾಲಂ ಕಾ?’ ಬಾಗಿಲಲ್ಲಿ ಸುಭೇದಾರ್ ಖೋಪಡೆ.
ಶನಿವಾರ ಸಾಹೇಬರು ನೋಡುತ್ತಾರಂತೆ,
ಗಾಜಿನ ಪೆಟ್ಟಿಗೆ, ಕೆಳಗೆ ಹಸಿರು ಮಖಮಲ್ಲು.
ಬೆನ್ನಿಗೆ ಬಂಗಾರದ ಅಕ್ಷರ ಒತ್ತಬೇಕು,
ಒಂದೂ ಸೊಟ್ಟಗಾಗಬಾರದು.

ಆಗುವುದಿಲ್ಲ ಸಾಹೇಬ್, ಎಂದೆ.
ಅವರು ಹೋದ ಮೇಲೆ, ರಟ್ಟಿನ ಒಳಮೈಗೆ
ಕಾಗದ ಕೂರಿಸುವ ಮೊದಲು,
ಕಿವಿಯಲ್ಲಿದ್ದ ಪೆನ್ಸಿಲು ತೆಗೆದು
ಸಣ್ಣಕ್ಷರದಲ್ಲಿ ಬರೆದೆ:
ಕಲ್ಮೇಶಿಯ ಕಂಬಳಿ ಮುಟ್ಟಿದೆ.

ಮೇಲೆ ಸರಿ ಬಳಿದೆ, ಕಾಗದ ಎಳೆದೆ,
ಅಂಗೈಯಿಂದ ಗಾಳಿಗುಳ್ಳೆ ಒತ್ತಿ ತೆಗೆದೆ.
ಉಗುರಿನ ಸಂದಿಯಲ್ಲಿ ಇನ್ನೂ
ಮೈಲುತುತ್ತದ ನೀಲಿ.
ಊಟಕ್ಕೆ ಮುಂಚೆ ತೊಳೆಯಬೇಕು, ವಿಷ ಅದು.