ಆರೈಕೆ ಮಾಡಿದವರ ಹೆಸರು

ನ್ಯೂ ಬೆಡ್‌ಫರ್ಡಿನ ಲೈಬ್ರರಿ ನೆಲಮಾಳಿಗೆ,
ಮಾರ್ಚ್ ತಿಂಗಳ ಶನಿವಾರ.
ಪುಕ್ಕಟೆ ತೆರಿಗೆ ಬರೆದುಕೊಡುವ ನಾಲ್ಕು ಮೇಜುಗಳಲ್ಲಿ
ಹೀಟರಿಗೆ ದೂರದ್ದು ನನ್ನದು.

ಜುಲ್ಮೀರಾ ಬಂದು ಕೂತಳು. ಕೈಗೆ
ಮೂರು ಸಲ ಸೋಪು ಹಚ್ಚಿದರೂ ಬಿಡದ ಚಿಪ್ಪುಮೀನಿನ ವಾಸನೆ.
ಮಗ ಮೇಜಿನಡಿ ಹೊಕ್ಕು
ನನ್ನ ಬೂಟಿನ ಲಾಡಿ ಬಿಚ್ಚತೊಡಗಿದ.

ಪಾಳಿ ಬೆಳಗಿನ ನಾಲ್ಕಕ್ಕೆ.
ಡೇಕೇರ್ ಬಾಗಿಲು ತೆಗೆಯುವುದು ಏಳಕ್ಕೆ.
ನಡುವಿನ ಮೂರು ತಾಸು ಯಾರ ಮಡಿಲು?
ಕೆಳಮನೆಯ ಬಿಬಿಯಾನಾ.
ವಾರಕ್ಕೆ ಅರವತ್ತು ಡಾಲರ್, ಬಿಸ್ಕತ್ತಿನ ಡಬ್ಬದಲ್ಲಿ, ಮಡಚಿ.

"ಆರುನೂರು ತೆರಿಗೆ ಇಳಿಯುತ್ತೆ," ಅಂದೆ.
"ಇಲ್ಲಿ ಅವರ ಹೆಸರು, ವಿಳಾಸ, ಒಂಬತ್ತಂಕಿಯ ಸಂಖ್ಯೆ."
ಅವಳ ಬೆರಳು ಆ ಖಾಲಿ ಮನೆಯ ಮೇಲೇ ನಿಂತಿತು.

ಆರುನೂರು ಅಂದರೆ ಹುಡುಗನ ಚಳಿಕೋಟು,
ಕಾರಿನ ಹಿಂದಿನ ಎರಡು ಟಯರು,
ಓವರ್‌ಟೈಮಿಗೆ ಒಲ್ಲೆನೆಂದು
ಮಧ್ಯಾಹ್ನದವರೆಗೂ ಮಲಗುವ ಒಂದು ಭಾನುವಾರ.

ಆದರೆ ಬರೆದರೆ
ಕೆಳಮನೆಗೂ ಒಂದು ದಿನ ಕಾಗದ ಬಂದೀತು:
ಮೂರು ಸಾವಿರ ಗಳಿಸಿದಿರಂತೆ, ನಮ್ಮ ಪಾಲೆಲ್ಲಿ?
ಇವಳ ತಲೆಯಿಂದ ಇಳಿಸಿದ ಕೈಯೇ
ಅವಳ ತಲೆಗೆ ಹೊರಿಸೀತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರುಂಟು.
ಇಲ್ಲಿ ಕೂಸಿಗೆ ನಾಲ್ಕು ತುಂಬಿದ ಮೇಲೆ
ಕುಲಾವಿಗೆ ರಸೀದಿ ಕೇಳುತ್ತಾರೆ.
ಕೇಳಲಿ. ನಾನೂ ಇಪ್ಪತ್ತೆಂಟು ವರ್ಷ
ಫೆರ್ರಿಯ ಟಿಕೆಟ್ ಹರಿದವನು, ರಸೀದಿ ನಂಬಿದವನು.
ಆದರೂ ಜ್ವರದ ನಸುಕಿನಲ್ಲಿ ಹಣೆಗಿಟ್ಟ ಒದ್ದೆಬಟ್ಟೆ
ಯಾವ ಸಾಲಿಗೆ ಸೇರುತ್ತದೆಂದು
ಸೂಚನಾ ಪುಸ್ತಕ ತಿರುವಿದೆ.
ಪುಟ ಒಂಬತ್ತರಲ್ಲಿ ಬೇಸಿಗೆ ಶಿಬಿರದ ಬಗ್ಗೆ ಇತ್ತು.

"ಬಿಡಿ, ಬೇಡ," ಎಂದಳು ಜುಲ್ಮೀರಾ.

ಗೋಡೆಬದಿಯ ಕುರ್ಚಿಯಲ್ಲಿ
ಹುಡುಗನ ಜಾಕೆಟ್ಟು ತೊಡೆಮೇಲಿಟ್ಟುಕೊಂಡಿದ್ದ ಮುದುಕಿ
ಆಗ ಎದ್ದು ಬಂದಳು, ಒಂದೊಂದೇ ಹೆಜ್ಜೆ,
ಮಂಡಿಯ ಅನುಮತಿ ಕೇಳುತ್ತ.
"ಬರೆಯಿರಿ.
ಎಪ್ಪತ್ತೊಂದು ನನಗೆ. ಹನ್ನೊಂದು ಮಕ್ಕಳನ್ನು ಎತ್ತಿದ್ದೇನೆ,
ಐದು ನನ್ನವು.
ಇದು ಕೆಲಸ ಅಂತ ಯಾವ ಕಾಗದವೂ ಈತನಕ ಹೇಳಿಲ್ಲ.
ಅವರು ಕೇಳಿದ್ದನ್ನು ನಾವಿಬ್ಬರೂ ಹಂಚಿ ಕೊಡುತ್ತೇವೆ.
ಹೆಸರು ಪೂರ್ತಿ ಬರೆಯಿರಿ."

ಬಿಬಿಯಾನಾ ಡ ಲೂಸ್ ಮೊಂತೇಯ್ರು ಫೋರ್ಟಿಸ್.
ಮನೆ ಸಾಲಲಿಲ್ಲ.
ಗೆರೆ ದಾಟಿ, ಮೊತ್ತ ಬರೆಯುವ ಕಾಲಮ್ಮಿಗೆ
ಕೊನೆಯ ಅಕ್ಷರ ಹೋಗಿ ಕೂತಿತು.

ಸಹಿ ಹಾಕಿಸಿ, ಮೂವರನ್ನೂ ಬಾಗಿಲವರೆಗೆ ಬಿಟ್ಟುಬರೋಣವೆಂದು ಎದ್ದವನು
ಮುಗ್ಗರಿಸಿದೆ.
ಹುಡುಗ ನನ್ನ ಎರಡು ಬೂಟುಗಳನ್ನೂ
ಒಂದಕ್ಕೊಂದು ಗಂಟು ಹಾಕಿದ್ದ.