ಕಲಮು ಹದಿನಾಲ್ಕು

ದುಧನಿ ಯಾರ್ಡಿನ ತಗಡಿನ ಗ್ವಾಡಿಗೆ
ಮರಾಠಿಯೊಳಗ ಅಂಟಿಸ್ಯಾರ ನಿಯಮ.
ಕೆಳಗ ಯಾರೋ ಪೆನ್ಸಿಲ್ಲಿಲೆ ಕನ್ನಡ ಮಾಡ್ಯಾರ,
ಅರ್ಧಕ್ಕ ಸೀಸ ಮುರದದ.
ಹಂಗಾಗಿ ಒಂಬತ್ತರ ತನಕ ಎಲ್ಲಾರಿಗೂ ಗೊತ್ತು,
ಮುಂದಿಂದು ನನ್ನ ಕೇಳತಾರ.

ನಿಂಬಿಗೆ ಎಲಿ ಇರಬಾರದು.
ತೊಟ್ಟು ಅಂಗಿ ಗುಂಡಿಗಿಂತ ಉದ್ದ ಇರಬಾರದು.
ಎಲಿಯೊಳಗ ರೋಗ ಕುಂತು ಊರೂರು ತಿರಗತದಂತ.
ಇಂಡಿ ಕಡಿಂದ ಬರೂ ಭೀಮಾಶಂಕರ ತೋಳನೂರ
ಚೀಲ ಬಿಚ್ಚಿದರ ಅರ್ಧ ಗಿಡಾನ ಹೊರಗ ಬೀಳತದ.
‘ಎಲಿ ಇದ್ದರ ತಾಜಾ ಕಾಣತಾವ ಅಕ್ಕಾ.’
‘ಕಾಣತಾವ. ಹೈದರಾಬಾದಕ್ಕ ಹೋಗೂದಿಲ್ಲ.’
ಇಬ್ಬರೂ ಕುಂತು ಹರೀತೀವಿ. ಬೆರಳು ಉರೀತಾವ.

ಹಳದಿ ಹಣ್ಣಿನ ಕೆಳಗ ಹಸರ ಕಾಯಿ ಮುಚ್ಚಬಾರದು.
ಮೂರನೇ ಕಲಮು. ಎಲ್ಲಾರೂ ತಪ್ಪಸೂದು ಇದನ್ನ.
ಸಾವಿರದ ಡಾಗಿಗೆ ಐವತ್ತು ಮ್ಯಾಲ ಕೇಳಬಾರದು.
ಚೀಲದ ತೂಕ ಕಳೀಬೇಕು,
ತೊಯ್ದ ಚೀಲದ್ದು ತೊಯ್ದಷ್ಟು ಕಳೀಬೇಕು:
ಇದು ಗ್ವಾಡಿ ಮ್ಯಾಲಿಲ್ಲ, ಅಬ್ಬಾಂದು.
ಗಡಿ ದಾಟೂದಿದ್ದರ ಸೆಸ್ ಕಟ್ಟಿದ ಪಾವತಿ
ಲಾರಿಯೊಳಗ ಇರಬೇಕು.
ಗಡಿ ಎಲ್ಲಿ ಅಂತ ಕೇಳಿದರ ಡ್ರೈವರ್ ದಸ್ತಗೀರ ಅಂತಾನ,
ಡಿಸೇಲಿನ ದರ ಎಲ್ಲಿ ಬದಲಾತೋ ಅಲ್ಲಿ.

ಹದಿನಾಲ್ಕನೇದು ಹಿಂಗದ:
‘ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಮಾಡತಕ್ಕದ್ದಲ್ಲ.
ಎಲ್ಲರಿಗೂ ಕೇಳುವಂತೆ ಕೂಗಿ ಹೇಳತಕ್ಕದ್ದು.’

ಓದಿ ಹೇಳಿದ ದಿನ ಅಬ್ಬಾ ನಕ್ಕಿದ್ದ.
ಮೂವತ್ತೆರಡು ವರ್ಷ ಮಕ್ತುಂಸಾಬ ಬಾಗವಾನ
ಹೆಗಲ ಮ್ಯಾಲಿನ ಚೌಕಳಿ ವಸ್ತ್ರದ ಕೆಳಗ
ಸೊಲ್ಲಾಪುರದ ಸೇಠರ ಕೈ ಹಿಡದಾಂವ.
ಒಂದು ಬೆರಳಿಗೆ ನೂರು. ತುದಿ ಒತ್ತಿದರ ಅರ್ಧ.
ಪೂರಾ ಪಂಜಾ ಹಿಡದರ ಐದು.
ಐವತ್ತೋ ಐನೂರೋ
ಅಂತ ಕೇಳಿದಾಂವ ಹೊಸಬ.
ಇಬ್ಬರ ಮಾರಿ ಮ್ಯಾಲೂ ಏನೂ ಇರತಿರಲಿಲ್ಲ.
ರೈತ ಬಾಜೂಕ ನಿಂತು
ಆ ವಸ್ತ್ರ ಅಲಗೂದು ನೋಡಕೋತ ಉಗುಳು ನುಂಗತಿದ್ದ.

ನಿಯಮ ಖರೇನ ಬೇಕಿತ್ತು. ನಾ ಅಬ್ಬಾಗ ಹಂಗ ಅಂದೆ.
ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ.

ಎರಡು ಸಲ ದಂಡ ಕಟ್ಟಿದ ಮ್ಯಾಲ
ಲೈಸೆನ್ಸು ನನ್ನ ಹೆಸರಿಗೆ ಬಂತು.
ಸೆಕ್ರೆಟರಿ ಗಾಯಕವಾಡ ಫೋಟೋ ನೋಡಿ ಕೇಳಿದ,
‘ಹೆಣಮಗಳ ದನಿ ಯಾರ್ಡಿನ ಕಡೀ ತನಕ ಮುಟ್ಟತದೇನು?’
ಮುಟ್ಟತದ. ಮುಂಜಾನೆ ಏಳಕ್ಕ,
ಗೂಡ್ಸ್ ಗಾಡಿ ಸಿಟ್ಟಿ ಹೊಡ್ಯಾಗೂ ಮುಟ್ಟತದ.
ಒಂಬೈನೂರು! ಒಂಬೈನೂರಾ ಇಪ್ಪತ್ತು!
ಸಾವಿರದ ಹತ್ತು ಅಂದಾಗ ಭೀಮಾಶಂಕರ
ತನ್ನ ದರ ತನ್ನ ಕಿವೀಲೆ ಕೇಳಿ
ಟೊಪಗಿ ತಗದು ತಲಿ ತುರಸಕೋತಾನ.

ಅಬ್ಬಾಗ ಲಕ್ವ ಹೊಡದು ಹನ್ನೊಂದು ದಿನ.
ಬಾಯಿ ಎಡಕ್ಕ ಎಳದದ, ಮಾತು ಬರೂದಿಲ್ಲ.
ಬಲಗೈ ಹೋಗ್ಯದ.
ನಿನ್ನಿ ರಾತ್ರಿ ಆಸ್ಪತ್ರ್ಯಾಗ ಚಾದರ ಹೊಚ್ಚತಿದ್ದೆ,
ಎಂದೂ ಯಾಪಾರ ಮಾಡದ ಎಡಗೈ
ಒಳಗಿಂದ ನನ್ನ ಕೈ ಹುಡುಕಿತು.

ಎರಡು ಬೆರಳು ಹಿಡದ. ಬಿಟ್ಟ.
ಮೂರು ಹಿಡದ. ತುದಿ ಒತ್ತಿದ.
ಮಾರಿ ಮ್ಯಾಲ ಏನೂ ಇಲ್ಲ.
ಯಾವ ಮಾಲು, ಯಾರಿಗೆ, ಎಷ್ಟು ಡಾಗು,
ನಾ ಕೇಳಲಿಲ್ಲ.
ಅವನ ಒಂದು ಬೆರಳು ತಿರುಗಿ ಹಿಡದೆ,
ಇನ್ನೂ ಸ್ವಲ್ಪ ಏರಸು ಅಂದಂಗ.
ಭಾಳ ಹೊತ್ತು ತಡದ.
ಆಮ್ಯಾಲ ಪೂರಾ ಪಂಜಾ ಹಿಡದ.

ಸಲೈನ್ ಬದಲಿ ಮಾಡಾಕ ಬಂದ ಸಿಸ್ಟರ್ ಕೇಳಿದಳು,
‘ಏನಂತಾರ ಅಜ್ಜಾ?’

ಕೂಗಿ ಹೇಳಬೇಕಿತ್ತು ನಾ,
ವಾರ್ಡಿನೊಳಗ ಎಲ್ಲಾರಿಗೂ ಕೇಳೂಹಂಗ.

ಚಾದರದ ಅಂಚು
ಇನ್ನಷ್ಟು ಕೆಳಗ ಎಳದೆ.