ಕಪ್ಪು ಗೆರೆ

ವಾಗಾ ವಾಗಾದ ಈಜುಕೊಳದಲ್ಲಿ
ಶನಿವಾರ ಬೆಳಗ್ಗೆ ಏಳೂವರೆ.
ತಳದಲ್ಲೊಂದು ಕಪ್ಪು ಗೆರೆ, ಇಪ್ಪತ್ತೈದು ಮೀಟರು.
"ಅದನ್ನೇ ನೋಡ್ತಾ ಹೋಗು," ಅಂತಾಳೆ ಬ್ರಾನ್ವಿನ್.
ಅದನ್ನೇ ನಾನು ಕನ್ನಡದಲ್ಲಿ ಕೂಗುತ್ತೇನೆ,
ಈಜು ಬಾರದವಳ ಪೂರ್ತಿ ಅಧಿಕಾರದಿಂದ.

ಚಿರಂತನಿಗೆ ಗೆರೆಯೊಂದು ಬಿಟ್ಟು ಎಲ್ಲವೂ ಕಾಣುತ್ತದೆ:
ಬೇಲಿಯ ಮೇಲೆ ಕೂತ ಗಲಾ ಗಿಳಿಗಳ ಗುಲಾಬಿ ಹೊಟ್ಟೆ,
ಪಕ್ಕದ ಸಾಲಲ್ಲಿ ಮುದುಕನೊಬ್ಬನ ಬೆನ್ನ ಹಚ್ಚೆ,
ಕ್ಯಾಂಟೀನಿನ ಬಿಸಿ ಚಿಪ್ಸಿನ ವಾಸನೆ,
ನೀರೊಳಗೂ ಬರುತ್ತದಂತೆ ಅದು.

ಹೋದ ತಿಂಗಳು ಬೈದು ನೋಡಿದೆ.
ಐಸ್‌ಕ್ರೀಮಿನ ಆಸೆ ತೋರಿಸಿದೆ.
ಪಕ್ಕದ ಮನೆ ಹುಡುಗಿಯ ಹೆಸರೆತ್ತಿದೆ, ತಪ್ಪೇ ಆಯಿತು.
ಆಮೇಲೊಂದು ರಾತ್ರಿ ಅವನೇ
ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ:
"ಹದಿನೈದು."
ಉಳಿದ ಹತ್ತರ ಸುದ್ದಿಯೇ ಇಲ್ಲ.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಇವತ್ತು ಇಳಿದ. ಆರು. ಒಂಬತ್ತು.
ಬಾವಿಗೆ ಇಣುಕಬೇಡ ಎಂದು ಬೆಳೆಸಿದ ಊರಿನವಳು,
ದಡದಲ್ಲಿ ಅವನ ಉಸಿರನ್ನೂ ನಾನೇ ಹಿಡಿದೆ.
ಹನ್ನೆರಡಕ್ಕೆ ಮುಳುಗಿ ಮಾಯ!
ಎದ್ದ, ಕೈಯಲ್ಲಿ ಯಾರದೋ ಕೂದಲ ಕ್ಲಿಪ್ಪು.
ಗೆರೆಯ ಮೇಲೇ ಬಿದ್ದಿತ್ತಂತೆ.
ಅದನ್ನು ಚಡ್ಡಿಗೆ ಸಿಕ್ಕಿಸಿಕೊಂಡು
ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಶುರು ಮಾಡಿದ.

ಹದಿನೆಂಟು.
ಟವೆಲ್ಲಿನೊಳಗೆ ನಡುಗುವ ಎಲುಬುಗಳನ್ನು ಕೇಳಿದೆ:
"ನಾಳೆಗೆ ಇಪ್ಪತ್ತು ಅಂತ ಬರೆಯೋಣವಾ?"
"ನಾಳೆ ಭಾನುವಾರ, ಅಮ್ಮಾ," ಅಂದ.
"ಚಿಪ್ಸ್."